ಎರಡು ಕಣ್ಣಿನ ಮೊಬೈಲು: ಅದರ ಗುಣದೋಷಗಳ ವಿಚಾರ

ಪೇಟೆಗೆ ಹೊಸ ವಸ್ತುವೊಂದು ಬಂದಿತೆಂದರೆ ಅದನ್ನು ಹೊಗಳುವವರೂ ಹಳಿಯುವವರೂ ಆ ದಿನವೇ ಸಿದ್ಧರಾಗುವರು. ತಕ್ಕಡಿಯಲ್ಲಿಟ್ಟು ತೂಗಿ ನೋಡುವವರು ಮಾತ್ರ ವಿರಳ. ಬೆನ್ನಿನ ಮೇಲೆ ಒಂದರ ಬದಲು ಎರಡು ಕ್ಯಾಮೆರಾಗಳನ್ನು ಹೊತ್ತು ಬಂದ ಸ್ಮಾರ್ಟ್‌ಫೋನಿನ ವಿಷಯದಲ್ಲಿಯೂ ಹೀಗೆಯೇ ನಡೆದಿರುವದು. ಇಂಥ ಯಂತ್ರವು ಮತ್ತೊಂದಿಲ್ಲವೆಂದು ಅಂಗಡಿಕಾರರು ಹೇಳುವರು. ಹೆಣ್ಣುಮಕ್ಕಳ ಕೈಗೆ ಇದು ಸಲ್ಲದೆಂದು ಮನೆಯ ಹಿರಿಯರು ಹೇಳುವರು. ಈ ಎರಡು ಮಾತುಗಳನ್ನೂ ಪರೀಕ್ಷಿಸದೆ ಒಪ್ಪತಕ್ಕದ್ದಲ್ಲವೆಂಬದು ನಮ್ಮ ಮತ.

ನಮ್ಮ ಹೈಸ್ಕೂಲಿನ ಈ ಸ್ಮರಣ ಸಂಚಿಕೆಯನ್ನು ಓದುವ ಮಾಜಿ ವಿದ್ಯಾರ್ಥಿನಿಯರಲ್ಲಿ ಅನೇಕರು ಈಗ ತಾವೇ ತಾಯಂದಿರಾಗಿರುವರು. ಉಳಿದ ವಾಚಕರು ಈಗ ಶಾಲೆಯಲ್ಲಿರುವ ಹುಡುಗಿಯರ ಪಾಲಕರು. ಮಗಳಿಗೆ ಮೊಬೈಲು ಕೊಡಿಸಬೇಕೇ, ಕೊಡಿಸುವದಾದರೆ ಎಂಥದು, ಎಂಬ ಪ್ರಶ್ನೆಯು ಇವರೆಲ್ಲರ ಮನೆಯಲ್ಲಿಯೂ ಎದ್ದಿರುವದು. ನಮ್ಮ ಅಕ್ಕಿಆಲೂರಿನ ಸುತ್ತಲಿನ ಹಳ್ಳಿಗಳಲ್ಲಿ ಬತ್ತವನ್ನೂ ಗೋವಿನಜೋಳವನ್ನೂ ಮಾರಿ ಬಂದ ಹಣದಲ್ಲಿ ಬೀಜ ಗೊಬ್ಬರದ ಸಾಲ ತೀರಬೇಕು, ಶಾಲೆಯ ಫೀ ಆಗಬೇಕು, ಆ ಮೇಲೆ ಉಳಿದರೆ ಮೊಬೈಲು. ಹೀಗಿರಲು ಎರಡನೆಯ ಕ್ಯಾಮೆರಾಕ್ಕೆಂದು ಹೆಚ್ಚಿನ ಬೆಲೆಯನ್ನು ತೆರುವ ಮೊದಲು ಅದು ನಿಜವಾಗಿ ಏನು ಮಾಡುವದೆಂದು ತಿಳಿದುಕೊಳ್ಳುವದು ಅವಶ್ಯ.

ಎರಡು ಕಣ್ಣುಗಳಿಂದ ನೋಡುವ ಈ ಕಲ್ಪನೆಯು ಹೊಸದಲ್ಲ. ದೇವರು ನಮಗೆ ಎರಡು ಕಣ್ಣುಗಳನ್ನು ಕೊಟ್ಟಿರುವನು. ಅವುಗಳ ನಡುವೆ ಸುಮಾರು ಎರಡೂವರೆ ಅಂಗುಲದ ಅಂತರವುಂಟು. ಮೂಗಿನ ಮುಂದೆ ಒಂದು ಗೇಣು ದೂರದಲ್ಲಿ ಬೆರಳನ್ನು ಹಿಡಿದು, ಮೊದಲು ಎಡಗಣ್ಣನ್ನೂ ಆ ಮೇಲೆ ಬಲಗಣ್ಣನ್ನೂ ಮುಚ್ಚಿ ನೋಡಿರಿ. ಬೆರಳು ಹಿಂದಿನ ಗೋಡೆಯ ಮೇಲೆ ಅತ್ತಿಂದಿತ್ತ ಜಿಗಿದಂತೆ ತೋರುವದು. ಕೈಯನ್ನು ದೂರ ಚಾಚಿದರೆ ಈ ಜಿಗಿತವು ಕಡಿಮೆಯಾಗುವದು. ಈ ಜಿಗಿತದ ಪ್ರಮಾಣದಿಂದಲೇ ನಮ್ಮ ಬುದ್ಧಿಯು ವಸ್ತುವು ಹತ್ತಿರವೋ ದೂರವೋ ಎಂದು ಎಣಿಸುವದು. ಚಾರ್ಲ್ಸ್ ವೀಟ್‌ಸ್ಟನ್ ಎಂಬ ಆಂಗ್ಲ ಪಂಡಿತನು ೧೮೩೮ರಲ್ಲಿ ಈ ತತ್ತ್ವವನ್ನು ವಿವರಿಸಿ, ಎರಡು ಚಿತ್ರಗಳನ್ನು ಎರಡು ಕಣ್ಣುಗಳಿಗೆ ಬೇರೆ ಬೇರೆಯಾಗಿ ತೋರಿಸುವ ಸ್ಟೀರಿಯೋಸ್ಕೋಪು ಎಂಬ ಉಪಕರಣವನ್ನು ಜನರ ಮುಂದಿಟ್ಟನು. ಚಪ್ಪಟೆಯಾದ ಚಿತ್ರವು ಅದರಲ್ಲಿ ಉಬ್ಬುತಗ್ಗುಗಳುಳ್ಳದ್ದಾಗಿ ಕಾಣುತ್ತಿತ್ತು.

ಮೊಬೈಲಿನೊಳಗೆ ಈ ಉಪಾಯವು ಬಂದದ್ದು ಬಹುಕಾಲದ ಮೇಲೆ. ೨೦೧೧ರಲ್ಲಿ ಎಚ್‌ಟಿಸಿ, ಎಲ್‌ಜಿ ಎಂಬ ಸಂಸ್ಥೆಗಳು ಎರಡು ಕ್ಯಾಮೆರಾಗಳಿಂದ ಉಬ್ಬುಚಿತ್ರವನ್ನು ತೆಗೆಯುವ ಫೋನುಗಳನ್ನು ಮಾಡಿದವು. ಅವು ಜನರ ಮನಸ್ಸನ್ನು ಹಿಡಿಯಲಿಲ್ಲ. ೨೦೧೬ರಲ್ಲಿ ಹುವಾವೇ ಸಂಸ್ಥೆಯ ಪಿ೯ ಎಂಬ ಯಂತ್ರವು ಒಂದು ಬಣ್ಣದ ಕಣ್ಣನ್ನೂ ಒಂದು ಕಪ್ಪು ಬಿಳುಪಿನ ಕಣ್ಣನ್ನೂ ಹೊತ್ತು ಬಂದಿತು. ಅದೇ ವರುಷದ ಸೆಪ್ಟೆಂಬರದಲ್ಲಿ ಆಪಲ್ ಸಂಸ್ಥೆಯ ಐಫೋನ್ ೭ ಪ್ಲಸ್ ಹೊರಬಿದ್ದಿತು. ಇವು ಸಿರಿವಂತರ ಸೊತ್ತುಗಳು. ನಮ್ಮಂಥ ಮನೆಗಳ ಅಳವಿಗೆ ಎರಡು ಕಣ್ಣಿನ ಫೋನನ್ನು ತಂದವುಗಳಲ್ಲಿ ೨೦೧೭ರ ಸೆಪ್ಟೆಂಬರದಲ್ಲಿ ದಿಲ್ಲಿಯಲ್ಲಿ ಪ್ರಕಟವಾದ ಶಿಯೋಮಿ ಸಂಸ್ಥೆಯ ಮಿ ಎ೧ ಮುಖ್ಯವಾದದ್ದು. ಆಗ ಅದರ ಬೆಲೆ ೧೪,೯೯೯ ರೂಪಾಯಿ. ಅದರ ಎರಡು ಕ್ಯಾಮೆರಾಗಳೂ ತಲಾ ೧೨ ಮೆಗಾಪಿಕ್ಸೆಲಿನವು. ಒಂದು ಅಗಲವಾಗಿ ನೋಡುವದು, ಇನ್ನೊಂದು ಅದರ ಸುಮಾರು ಎರಡರಷ್ಟು ಹತ್ತಿರಕ್ಕೆ ತಂದು ನೋಡುವದು.

ಇಲ್ಲಿ ಒಂದು ಮಾತನ್ನು ವಾಚಕರು ಮುಖ್ಯವಾಗಿ ಗಮನಿಸಬೇಕು. 'ಎರಡು ಕ್ಯಾಮೆರಾ' ಎಂಬದು ಒಂದೇ ಪದಾರ್ಥದ ಹೆಸರಲ್ಲ. ಕೆಲವು ಯಂತ್ರಗಳಲ್ಲಿ ಎರಡನೆಯ ಮಸೂರವು ದೂರದ್ದನ್ನು ಹತ್ತಿರ ತರುವದು. ಕೆಲವುಗಳಲ್ಲಿ ಇನ್ನೂ ಅಗಲವಾದ ನೋಟವನ್ನು ಕೊಡುವದು. ಕೆಲವುಗಳಲ್ಲಿ ಕಪ್ಪು ಬಿಳುಪಿನಲ್ಲಿ ನೋಡಿ ಮೊದಲನೆಯದಕ್ಕೆ ನೆರವಾಗುವದು. ಕೆಲವುಗಳಲ್ಲಿ ತಾನಾಗಿ ಯಾವ ಚಿತ್ರವನ್ನೂ ತೆಗೆಯದೆ ದೂರವನ್ನಷ್ಟೇ ಅಳೆಯುವದು. ನಾಲ್ಕಕ್ಕೂ ಒಂದೇ ಹೆಸರು, ನಾಲ್ಕಕ್ಕೂ ಒಂದೇ ಬಗೆಯ ಜಾಹೀರಾತು. ಆದಕಾರಣ ಗುಣವನ್ನಾಗಲಿ ದೋಷವನ್ನಾಗಲಿ ಹೇಳುವಾಗ ಯಾವ ಬಗೆಯ ಕಣ್ಣು ಎಂದು ಮೊದಲು ಕೇಳತಕ್ಕದ್ದು.

ಮೊದಲು ಗುಣಗಳನ್ನು ಹೇಳುವೆವು. ದೂರವನ್ನು ಹತ್ತಿರ ತರುವ ಮಸೂರವಿದ್ದರೆ ಮನುಷ್ಯರ ಮುಖಚಿತ್ರವು ಹದವಾಗಿ ಬರುವದು. ಸಾಮಾನ್ಯ ಮೊಬೈಲಿನಿಂದ ಮುಖವನ್ನು ದೊಡ್ಡದಾಗಿ ತೆಗೆಯಬೇಕಾದರೆ ಬಹಳ ಸಮೀಪಕ್ಕೆ ಹೋಗಬೇಕು. ಸಮೀಪಕ್ಕೆ ಹೋದರೆ ಮೂಗು ದೊಡ್ಡದಾಗಿಯೂ ಕಿವಿಗಳು ಹಿಂದಕ್ಕೆ ಸರಿದಂತೆಯೂ ತೋರುವವು. ಎರಡನೆಯ ಮಸೂರವಿದ್ದರೆ ನಾಲ್ಕು ಹೆಜ್ಜೆ ಹಿಂದೆ ನಿಂತು ತೆಗೆಯಬಹುದು; ಮುಖದ ಅಂಗಗಳು ತಮ್ಮ ತಮ್ಮ ಪ್ರಮಾಣದಲ್ಲಿಯೇ ಉಳಿಯುವವು. ಮನೆಯ ಅಜ್ಜಿಯ ಒಂದು ಒಳ್ಳೆಯ ಚಿತ್ರವಿರಲೆಂದು ಬಯಸುವವರಿಗೆ ಇದು ಸಣ್ಣ ಉಪಕಾರವಲ್ಲ.

ಎರಡನೆಯ ಗುಣವು ಸಭೆ ಸಮಾರಂಭಗಳಲ್ಲಿ ತಿಳಿಯುವದು. ಶಾಲೆಯ ಸ್ನೇಹಸಮ್ಮೇಳನದಲ್ಲಿ ಪಾಲಕರಿಗೆ ಹಿಂದಿನ ಸಾಲುಗಳಲ್ಲಿಯೇ ಸ್ಥಳ. ರಂಗದ ಮೇಲೆ ಮಗಳು ನಾಟಕದಲ್ಲಿ ನಿಂತಿರುವಾಗ ಒಂದು ಕಣ್ಣಿನ ಮೊಬೈಲಿನಲ್ಲಿ ಅವಳು ಬೆರಳ ತುದಿಯಷ್ಟು ಕಾಣುವಳು. ಬೆರಳುಗಳಿಂದ ಹಿಗ್ಗಿಸಿದರೆ ಚಿತ್ರವು ದೊಡ್ಡದಾಗುವದೇ ಹೊರತು ಅದರಲ್ಲಿಯ ವಿವರವು ಹೆಚ್ಚುವದಿಲ್ಲ. ದೂರದ ಮಸೂರವು ಬೆಳಕು ಚೆನ್ನಾಗಿದ್ದಲ್ಲಿ ನಿಜವಾಗಿಯೇ ಹೆಚ್ಚಿನ ವಿವರವನ್ನು ತರುವದು. ಅಗಲ ನೋಟದ ಮಸೂರವಾದರೋ ಇಕ್ಕಟ್ಟಾದ ತರಗತಿಯಲ್ಲಿ ಬಾಗಿಲ ಬಳಿ ನಿಂತು ಇಡೀ ವರ್ಗವನ್ನು ಒಂದೇ ಚಿತ್ರದಲ್ಲಿ ಹಿಡಿಯುವದು. ಅಂಚಿನಲ್ಲಿ ಕುಳಿತ ಬಡಹುಡುಗಿಯೂ ಚಿತ್ರದಿಂದ ಹೊರಗುಳಿಯುವದಿಲ್ಲ. ಈ ಗುಣವು ನಮಗೆ ಬಹಳ ಮೆಚ್ಚಿಕೆಯಾದದ್ದು.

ಇನ್ನು ದೋಷಗಳು. ಮೊದಲನೆಯದು ಮಬ್ಬು ಬೆಳಕಿನಲ್ಲಿ ಕಾಣುವದು. ಈ ಫೋನುಗಳಲ್ಲಿ ಸಾಮಾನ್ಯವಾಗಿ ಮುಖ್ಯ ಕಣ್ಣಿಗಿಂತ ಎರಡನೆಯ ಕಣ್ಣು ಕಡಿಮೆ ಬೆಳಕನ್ನು ಒಳಗೆ ಬಿಡುವದು. ಮಿ ಎ೧ದಲ್ಲಿಯೂ ಹಾಗೆಯೇ ಇದ್ದಿತು. ಹತ್ತಿರದ ಹಾನಗಲ್ಲಿನ ತಾರಕೇಶ್ವರ ದೇವಾಲಯವನ್ನು ನೋಡಿದವರಿಗೆ ಅದರ ಮಂಟಪದ ಮೇಲ್ಛತ್ತಿನಲ್ಲಿ ಕೆತ್ತಿರುವ ದೊಡ್ಡ ಕಮಲವು ಗೊತ್ತು. ತಲೆಯ ಮೇಲೆ ಎತ್ತರದಲ್ಲಿರುವ ಅಂಥ ಕೆತ್ತನೆಗೆ ದೂರದ ಮಸೂರವೇ ತಕ್ಕದ್ದು; ಆದರೆ ಅಲ್ಲಿ ಬೆಳಕು ಕಡಿಮೆ. ಇಂಥ ಸ್ಥಳದಲ್ಲಿ ಎಷ್ಟೋ ಯಂತ್ರಗಳು ಎರಡನೆಯ ಕಣ್ಣನ್ನು ಮುಚ್ಚಿ, ಮೊದಲನೆಯ ಕಣ್ಣಿನ ಚಿತ್ರವನ್ನೇ ಕತ್ತರಿಸಿ ಹಿಗ್ಗಿಸಿ ಕೊಡುವವು. ಹಾಗೆ ಮಾಡಿದೆನೆಂದು ಒಡೆಯನಿಗೆ ತಿಳಿಸುವದೂ ಇಲ್ಲ. ಎಲ್ಲಿ ಅದರ ಅವಶ್ಯಕತೆ ಹೆಚ್ಚೋ ಅಲ್ಲಿಯೇ ಅದು ಕೈಬಿಡುವದು.

ಎರಡನೆಯ ದೋಷವು ಹಿನ್ನೆಲೆಯನ್ನು ಮಸುಕುಗೊಳಿಸುವ ವಿದ್ಯೆಗೆ ಸಂಬಂಧಿಸಿದ್ದು. ಇದನ್ನು ಪೋರ್ಟ್ರೇಟ್ ಎಂದು ಕರೆಯುವರು. ಎರಡು ಕಣ್ಣಿನ ಫೋನುಗಳ ಜಾಹೀರಾತುಗಳಲ್ಲಿ ಇದಕ್ಕೇ ಅಗ್ರಸ್ಥಾನ. ದೊಡ್ಡ ಕ್ಯಾಮೆರಾಗಳಲ್ಲಿ ಈ ಮಸುಕು ಮಸೂರದ ಗಾತ್ರದಿಂದ ಸಹಜವಾಗಿ ಹುಟ್ಟುವದು. ಮೊಬೈಲಿನಲ್ಲಿ ಎರಡು ಕಣ್ಣುಗಳು ದೂರವನ್ನು ಅಳೆದು, ಯಾವದು ಮನುಷ್ಯ, ಯಾವದು ಹಿನ್ನೆಲೆ ಎಂದು ಗೆರೆಯನ್ನೆಳೆದು, ಗೆರೆಯಾಚೆಯದನ್ನು ಲೆಕ್ಕಾಚಾರದಿಂದ ಅಳಿಸುವವು. ಆ ಕಣ್ಣುಗಳ ನಡುವಿನ ಅಂತರವೋ ಸುಮಾರು ಒಂದು ಸೆಂಟಿಮೀಟರು ಮಾತ್ರ. ಆದದರಿಂದ ಏಳೆಂಟು ಅಡಿಗಳಾಚೆ ಅಳತೆಯು ತಪ್ಪತೊಡಗುವದು. ಹತ್ತಿರದಲ್ಲಿಯೂ ಕೆದರಿದ ಕೂದಲು, ಮುಡಿದ ಮಲ್ಲಿಗೆಯ ದಂಡೆ, ಕನ್ನಡಕದ ಅಂಚು, ಗಾಳಿಗೆ ಹಾರಿದ ಸೆರಗು ಇವು ಅರ್ಧ ಉಳಿದು ಅರ್ಧ ಅಳಿಸಿಹೋಗುವದುಂಟು.

ಈ ತಾಂತ್ರಿಕ ಕುಂದನ್ನು ಮುಂದಿನವರು ತಿದ್ದಿಯಾರು. ಆದರೆ ಸರಿಯಾಗಿ ಅಳಿಸಿದಾಗಲೂ ಅಳಿಸಿಹೋದದ್ದು ಏನೆಂದು ನಾವು ಯೋಚಿಸಬೇಕು. ಡಾಕ್ಟರ ಪಿಗೋ, ನೀಲ್, ಕರ್ನಲ್ ಬಿಗ್ಸ್ ಎಂಬವರು ತೆಗೆದ ಧಾರವಾಡ ಮತ್ತು ಮೈಸೂರು ಸೀಮೆಗಳ ಕಟ್ಟಡಗಳ ಛಾಯಾಚಿತ್ರಗಳು ೧೮೬೬ರಲ್ಲಿ ಲಂಡನ್ನಿನಲ್ಲಿ ಪುಸ್ತಕವಾಗಿ ಪ್ರಕಟವಾದವು. ೧೮೩೪ರಲ್ಲಿ ಮಂಗಳೂರಿಗೂ ೧೮೩೭ರಲ್ಲಿ ಧಾರವಾಡಕ್ಕೂ ಬಂದ ಬಾಸೆಲ್ ಮಿಶನ್ನಿನ ದಫ್ತರದಲ್ಲಿ ನಮ್ಮ ನಾಡಿನ ಹಳೆಯ ಚಿತ್ರಗಳನ್ನು ಇಂದಿಗೂ ಕಾದಿಟ್ಟಿರುವರು. ಇಂಥ ಹಳೆಯ ಚಿತ್ರಗಳನ್ನು ಇಂದು ನೋಡುವವರು ಮುಂದೆ ನಿಂತವರ ಮುಖಗಳನ್ನಷ್ಟೇ ನೋಡುವದಿಲ್ಲ. ಹಿಂದಿನ ಗೋಡೆ, ಬಾಗಿಲು, ಮರ, ಪಕ್ಕದಲ್ಲಿ ಹೆಸರಿಲ್ಲದೆ ನಿಂತವರ ಉಡುಗೆ, ಇವುಗಳನ್ನು ಹುಡುಕಿ ಹುಡುಕಿ ನೋಡುವರು. ಆ ಕಾಲದ ಜೀವನವು ಅಲ್ಲಿಯೇ ಅಡಗಿರುವದು. ನಮ್ಮ ಮಗಳ ಹತ್ತನೆಯ ವರ್ಗದ ಬೀಳ್ಕೊಡುಗೆಯ ಚಿತ್ರದಲ್ಲಿ ಅವಳ ಹಿಂದಿನ ಕರಿಹಲಗೆಯೂ ಪಕ್ಕದ ಗೆಳತಿಯೂ ಮಸುಕಾಗಿ ಹೋದರೆ, ಮೂವತ್ತು ವರುಷಗಳ ಮೇಲೆ ಅವಳು ಆ ಚಿತ್ರದಲ್ಲಿ ಏನನ್ನು ಹುಡುಕಿಯಾಳು?

ಮೂರನೆಯ ದೋಷವನ್ನು ದೋಷವೆನ್ನುವದಕ್ಕಿಂತ ಕಣ್ಕಟ್ಟು ಎನ್ನುವದು ಲೇಸು. ಹತ್ತು ಹದಿನೈದು ಸಾವಿರ ರೂಪಾಯಿಗಳೊಳಗಿನ ಎಷ್ಟೋ ಯಂತ್ರಗಳಲ್ಲಿ ಮುಖ್ಯ ಕ್ಯಾಮೆರಾ ೫೦ ಮೆಗಾಪಿಕ್ಸೆಲಿನದಿದ್ದರೆ ಅದರ ಪಕ್ಕದ್ದು ೨ ಮೆಗಾಪಿಕ್ಸೆಲಿನದು, ಅಥವಾ ಅದಕ್ಕೂ ಕಡಿಮೆಯದು. ಅದರಿಂದ ದೂರದ ನೋಟವೂ ಇಲ್ಲ, ಅಗಲ ನೋಟವೂ ಇಲ್ಲ. ಬೆನ್ನಿನ ಮೇಲೆ ಎರಡು ವೃತ್ತಗಳು ಕಾಣಬೇಕೆಂಬದಷ್ಟೇ ಅದರ ಉದ್ದೇಶವೋ ಎಂದು ತೋರುವದು. ಇದಲ್ಲದೆ, ಗೂಗಲ್ ಸಂಸ್ಥೆಯು ೨೦೧೭ರ ಅಕ್ಟೋಬರದಲ್ಲಿ ಹೊರಡಿಸಿದ ಪಿಕ್ಸೆಲ್ ೨ ಎಂಬ ಫೋನು ಬೆನ್ನಿನ ಒಂದೇ ಕ್ಯಾಮೆರಾದಿಂದ ಹಿನ್ನೆಲೆಯನ್ನು ಮಸುಕುಗೊಳಿಸಿ ತೋರಿಸಿತು. ಮಸುಕಿಗಾಗಿ ಎರಡನೆಯ ಕಣ್ಣು ಬೇಕೇ ಬೇಕೆಂಬ ವಾದವು ಅಂದಿಗೇ ಬಿದ್ದುಹೋಯಿತು.

ನಾಲ್ಕನೆಯದು ಆಯುಷ್ಯದ ಪ್ರಶ್ನೆ. ಮಸೂರವು ಹತ್ತು ವರುಷ ಚೆನ್ನಾಗಿರಬಹುದು. ಅದನ್ನು ನಡೆಯಿಸುವ ತಂತ್ರಾಂಶವು ಅಷ್ಟು ಕಾಲ ಬಾಳುವದಿಲ್ಲ. ಮಿ ಎ೧ ಯಂತ್ರವು ಆಂಡ್ರಾಯ್ಡ್ ೭ರೊಡನೆ ಹುಟ್ಟಿ ೯ರ ವರೆಗೆ ಬಂದು ನಿಂತಿತು. ಕಳ್ಳರಿಂದ ಕಾಯುವ ಪರಿಷ್ಕರಣೆಗಳೂ ಅದಕ್ಕೆ ಈಗ ಬರುವದಿಲ್ಲ. ಅಣ್ಣನು ಹೊಸದನ್ನು ಕೊಂಡು ತನ್ನ ಹಳೆಯದನ್ನು ತಂಗಿಗೆ ಕೊಡುವ ಪದ್ಧತಿಯು ನಮ್ಮ ಮನೆಗಳಲ್ಲಿ ಬಹಳ. 'ಎರಡು ಕ್ಯಾಮೆರಾದ ಫೋನು ಕೊಟ್ಟೆವಲ್ಲ' ಎಂಬ ಸಮಾಧಾನದಲ್ಲಿ, ಬೀಗ ಮುರಿದ ಪೆಟ್ಟಿಗೆಯನ್ನು ಅವಳ ಕೈಗಿತ್ತಂತಾಗುವದನ್ನು ಪಾಲಕರು ಗಮನಿಸಬೇಕು. ಹಳೆಯ ಯಂತ್ರವನ್ನು ಚಿತ್ರ ತೆಗೆಯಲು ಕೊಡಬಹುದು. ಬ್ಯಾಂಕಿನ ವ್ಯವಹಾರಕ್ಕೆ ಅದು ಸಲ್ಲದು.

ಇಷ್ಟು ಯಂತ್ರದ ಗುಣದೋಷ. ಇನ್ನು ಅದನ್ನು ಹಿಡಿಯುವವರ ಮಾತು. ಹಿನ್ನೆಲೆಯನ್ನು ಅಳಿಸುವ ಗಣಕವಿದ್ಯೆಯ ಪಕ್ಕದಲ್ಲಿಯೇ ಮುಖವನ್ನು ತಿದ್ದುವ ವಿದ್ಯೆಯೂ ಕುಳಿತಿರುವದು. ಗುಂಡಿಯೊಂದನ್ನು ಸರಿಸಿದರೆ ಕಪ್ಪು ಚರ್ಮವು ಬಿಳಿದಾಗುವದು, ಗಲ್ಲವು ಸಣ್ಣದಾಗುವದು, ಮೊಡವೆಯು ಮಾಯವಾಗುವದು. ನೆರೆಯವರ ಮೇಲೆ ಸುಳ್ಳುಸಾಕ್ಷಿ ಹೇಳಬಾರದೆಂದು ನಾವು ಈ ಶಾಲೆಯಲ್ಲಿ ಕಲಿತೆವು. ತನ್ನ ಮುಖದ ಮೇಲೆಯೇ ಸುಳ್ಳುಸಾಕ್ಷಿ ಹೇಳುವದು ಅದಕ್ಕಿಂತ ಎಷ್ಟು ಮೇಲಾದೀತು? ಹದಿನಾಲ್ಕು ವರುಷದ ಹುಡುಗಿಯು ತಿದ್ದಿದ ಮುಖವನ್ನು ದಿನಾಲು ನೋಡಿ ಕನ್ನಡಿಯೊಳಗಿನ ಮುಖಕ್ಕೆ ನಾಚತೊಡಗಿದರೆ, ಅದು ಯಾವ ಮೆಗಾಪಿಕ್ಸೆಲಿನಿಂದಲೂ ತುಂಬಿಬಾರದ ನಷ್ಟ. ಈ ತಿದ್ದುವಿಕೆಯನ್ನು ನಿಲ್ಲಿಸಿಡುವ ಉಪಾಯವು ಬಹುತೇಕ ಫೋನುಗಳಲ್ಲಿಯೇ ಉಂಟು. ಮೊಬೈಲು ಕೊಟ್ಟ ದಿನವೇ ತಾಯಿಯು ಮಗಳೊಡನೆ ಕುಳಿತು ಅದನ್ನು ನಿಲ್ಲಿಸುವದು ಒಳ್ಳೇದು.

ಆದರೆ ಈ ಕಾರಣಗಳನ್ನು ಹಿಡಿದು ಹೆಣ್ಣುಮಕ್ಕಳಿಗೆ ಮೊಬೈಲೇ ಬೇಡವೆನ್ನುವವರ ಪಕ್ಷವನ್ನು ನಾವು ಸೇರಲಾರೆವು. ೨೦೨೦ರ ಮಾರ್ಚದಲ್ಲಿ ಕೊರೋನಾ ರೋಗದ ನಿಮಿತ್ತ ಶಾಲೆಗಳು ಮುಚ್ಚಿದವು. ಆ ವರುಷದ ಆಗಸ್ಟದಲ್ಲಿ ನಮ್ಮ ಸರಕಾರವು ವಿದ್ಯಾಗಮ ಎಂಬ ಯೋಜನೆಯನ್ನು ನಡೆಯಿಸಿದಾಗ, ಮಕ್ಕಳನ್ನು ಮೊಬೈಲು ಇದ್ದವರು, ಇಲ್ಲದವರು ಎಂದು ವಿಂಗಡಿಸಬೇಕಾಯಿತು. ಬರೆದ ಪುಟದ ಚಿತ್ರವನ್ನು ತೆಗೆದು ಶಿಕ್ಷಕಿಯರಿಗೆ ಕಳಿಸುವದೇ ಅಂದಿನ ಶಾಲೆ. ಕ್ಯಾಮೆರಾ ಅಂದು ಶೋಕಿಯ ವಸ್ತುವಾಗಿರಲಿಲ್ಲ. ಅದು ಪಾಟಿಯೂ ಅಂಚೆಯೂ ಆಗಿದ್ದಿತು. ೨೦೧೯ರಿಂದ ೨೦೨೧ರ ವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ತಾವೇ ಬಳಸುವ ಮೊಬೈಲು ಉಳ್ಳ ಹೆಂಗಸರು ಈ ದೇಶದಲ್ಲಿ ನೂರಕ್ಕೆ ಸುಮಾರು ೫೪ ಮಂದಿ. ಉಳಿದವರು ಗಂಡನ, ಅಣ್ಣನ, ಮಗನ ಫೋನಿಗೆ ಕಾಯತಕ್ಕವರು. ಮನೆಯಲ್ಲಿ ಮಗನಿಗೆ ಎರಡು ಕ್ಯಾಮೆರಾದ ಫೋನು, ಮಗಳಿಗೆ 'ಕ್ಯಾಮೆರಾ ಇದೆ, ಬೇಡ' ಎಂಬ ಉತ್ತರ, ಇದು ನ್ಯಾಯವೇ ಎಂದು ಪಾಲಕರು ತಮ್ಮ ಮನಸ್ಸನ್ನೇ ಕೇಳಿಕೊಳ್ಳಲಿ.

ಭಯಕ್ಕೆ ಕಾರಣವಿಲ್ಲವೆಂದು ನಾವು ಹೇಳುವದಿಲ್ಲ. ಆದರೆ ಹುಡುಗಿಯ ಚಿತ್ರವನ್ನು ದುರುಪಯೋಗ ಮಾಡುವವನ ಕೈಯಲ್ಲಿಯೂ ಒಂದು ಕ್ಯಾಮೆರಾ ಇರುವದು. ಅವಳ ಕೈಯಿಂದ ಕಸಿದುಕೊಂಡ ಮಾತ್ರಕ್ಕೆ ಅವನದು ಮಾಯವಾಗುವದಿಲ್ಲ. ಒಪ್ಪಿಗೆಯಿಲ್ಲದೆ ಒಬ್ಬರ ಗುಪ್ತಾಂಗಗಳ ಚಿತ್ರವನ್ನು ತೆಗೆಯುವದೂ ಹರಡುವದೂ ಮಾಹಿತಿ ತಂತ್ರಜ್ಞಾನ ಕಾಯದೆಯ ೬೬ಇ ಕಲಮಿನ ಮೇರೆಗೆ ಅಪರಾಧ. ಮೂರು ವರುಷಗಳ ವರೆಗೆ ಸೆರೆಯುಂಟು. ಇದನ್ನು ಮಗಳಿಗೆ ತಿಳಿಸಬೇಕು. ಮಗನಿಗೆ ಅದಕ್ಕಿಂತ ಮೊದಲು ತಿಳಿಸಬೇಕು. ಏನಾದರೂ ತೊಡಕಾದರೆ ಬೈಗುಳಕ್ಕೆ ಅಂಜದೆ ಮನೆಯಲ್ಲಿ ಹೇಳಬಹುದೆಂಬ ಧೈರ್ಯವನ್ನು ಅವಳಿಗೆ ಕೊಡಬೇಕು. ಕ್ಯಾಮೆರಾ ಒಂದಿದ್ದರೂ ಎರಡಿದ್ದರೂ ಈ ಧೈರ್ಯಕ್ಕೆ ಸಮನಾದ ರಕ್ಷಣೆಯು ಮತ್ತೊಂದಿಲ್ಲ.

ಹಾಗಾದರೆ ಕೊಳ್ಳುವವರು ಏನು ಮಾಡತಕ್ಕದ್ದು? ನಮ್ಮ ಅಭಿಪ್ರಾಯವನ್ನು ಸಂಕ್ಷೇಪವಾಗಿ ಹೇಳುವೆವು. ಓದುವ ಹುಡುಗಿಯ ಮೊದಲನೆಯ ಫೋನಿನಲ್ಲಿ ದಿನವಿಡೀ ಬಾಳುವ ಬ್ಯಾಟರಿ, ಕಣ್ಣಿಗೆ ದಣಿವಾಗದ ಪರದೆ, ಪಾಠಗಳನ್ನು ತುಂಬಿಡಲು ಸಾಕಷ್ಟು ಸ್ಥಳ, ಮುಂದೆ ಕೆಲವು ವರುಷ ಪರಿಷ್ಕರಣೆಗಳು ದೊರೆಯುವ ಭರವಸೆ, ಒಂದು ಒಳ್ಳೆಯ ಮುಖ್ಯ ಕ್ಯಾಮೆರಾ, ಇವು ಮೊದಲು. ಇವೆಲ್ಲ ದೊರೆತ ಮೇಲೆ ಹಣ ಉಳಿದರೆ ಎರಡನೆಯ ಕಣ್ಣಿನ ವಿಚಾರ. ಆಗಲೂ ಅದು ದೂರವನ್ನೋ ಅಗಲವನ್ನೋ ನಿಜವಾಗಿ ನೋಡಬಲ್ಲದ್ದಾಗಿರಬೇಕು. ೨ ಮೆಗಾಪಿಕ್ಸೆಲಿನ ಅಲಂಕಾರಕ್ಕೆ ಒಂದು ನೂರು ರೂಪಾಯಿಯನ್ನೂ ಹೆಚ್ಚಿಗೆ ತೆರತಕ್ಕದ್ದಲ್ಲ.

ಇದನ್ನು ಪರೀಕ್ಷಿಸುವದು ಕಠಿಣವಲ್ಲ. ಅಂಗಡಿಯ ಬಾಗಿಲಲ್ಲಿ ನಿಂತು ಬೀದಿಯಾಚೆಯ ನಾಮಫಲಕವನ್ನು ಎರಡು ಪಟ್ಟು ಹಿಗ್ಗಿಸಿ ಒಂದು ಚಿತ್ರವನ್ನು ತೆಗೆಯಿರಿ. ಅನಂತರ ಎರಡನೆಯ ಕಣ್ಣನ್ನು ಬೆರಳಿನಿಂದ ಮುಚ್ಚಿ ಅದೇ ಚಿತ್ರವನ್ನು ಮತ್ತೊಮ್ಮೆ ತೆಗೆಯಿರಿ. ಎರಡೂ ಒಂದೇ ಬಗೆಯಾಗಿ ಬಂದರೆ ಅದು ದೂರವನ್ನು ನೋಡುವ ಕಣ್ಣಲ್ಲವೆಂದು ತಿಳಿಯಿರಿ. ಆ ಮೇಲೆ ಅಂಗಡಿಯೊಳಗಿನ ಮಬ್ಬಾದ ಮೂಲೆಯಲ್ಲಿ ಅದೇ ಪರೀಕ್ಷೆಯನ್ನು ಮಾಡಿರಿ. ಕೊನೆಗೆ, ತಲೆಯಲ್ಲಿ ಹೂ ಮುಡಿದವರೊಬ್ಬರ ಚಿತ್ರವನ್ನು ಹಿನ್ನೆಲೆ ಮಸುಕಾಗುವಂತೆ ತೆಗೆದು, ಹೂವು ಉಳಿಯಿತೋ ಇಲ್ಲವೋ ನೋಡಿರಿ. ಮಸುಕಿಲ್ಲದ ಮೂಲಚಿತ್ರವನ್ನೂ ಅದು ಕಾದಿಡುವದೋ ಎಂದು ಕೇಳಿರಿ. ಐದು ನಿಮಿಷಗಳ ಈ ಕೆಲಸವು ಜಾಹೀರಾತಿನ ಐವತ್ತು ಮಾತುಗಳಿಗಿಂತ ಹೆಚ್ಚಿನದನ್ನು ಹೇಳುವದು. ಅಂಗಡಿಗೆ ಹೋಗುವಾಗ ಮಗಳನ್ನೂ ಕರೆದುಕೊಂಡು ಹೋಗಿ, ಈ ಪರೀಕ್ಷೆಯನ್ನು ಅವಳ ಕೈಯಿಂದಲೇ ಮಾಡಿಸುವದು ಉತ್ತಮ. ಹಣ ಕೊಡುವ ಮೊದಲು ಪ್ರಶ್ನೆ ಕೇಳುವ ಅಭ್ಯಾಸವು ಅವಳಿಗೆ ಮೊಬೈಲಿಗಿಂತ ಹೆಚ್ಚು ಕಾಲ ಉಪಯೋಗಕ್ಕೆ ಬೀಳುವದು.

ಒಟ್ಟಿನಲ್ಲಿ ಎರಡು ಕಣ್ಣಿನ ಮೊಬೈಲು ಪೂಜೆಗೂ ಅರ್ಹವಲ್ಲ, ಶಾಪಕ್ಕೂ ಅರ್ಹವಲ್ಲ. ಹಿಂದಿನ ಸಾಲಿನಲ್ಲಿ ಕುಳಿತ ತಾಯಿಗೆ ರಂಗದ ಮೇಲಿನ ಮಗಳ ಮುಖವನ್ನು ತೋರಿಸಿದರೆ ಅದು ಕೊಟ್ಟ ಬೆಲೆಗೆ ತಕ್ಕದ್ದು. ಬರುವ ಸ್ನೇಹಸಮ್ಮೇಳನದಲ್ಲಿ ಚಿತ್ರ ತೆಗೆಯುವ ಸೋದರಿಯರಲ್ಲಿ ನಮ್ಮದೊಂದು ಬಿನ್ನಹ: ಒಂದು ಚಿತ್ರವನ್ನಾದರೂ ಮಸುಕಿಲ್ಲದೆ, ತಿದ್ದದೆ, ಶಾಲೆಯ ಗೋಡೆಯೂ ಪಕ್ಕದಲ್ಲಿ ನಿಂತವರೆಲ್ಲರೂ ಕಾಣುವಂತೆ ತೆಗೆದು, ಹಿಂಬದಿಯಲ್ಲಿ ಹೆಸರುಗಳನ್ನೂ ತಾರೀಖನ್ನೂ ಬರೆದು ಶಾಲೆಗೆ ಕೊಡಿರಿ. ಮುಂದೆ ಇಂಥದೇ ಒಂದು ಸಂಚಿಕೆಯನ್ನು ಹೊರಡಿಸುವವರಿಗೆ ಅದು ಬೇಕಾದೀತು.